ಎರಡನೇ ವರ್ಷದ ಹಾಳೆ

ವಿಶಾಖಾ ಭಾಲ್ಕಿ ತಾಲೂಕಿನ ಮೆಹಕರದವಳು. ಕಾಗದ ತಯಾರಿಕೆಯ ಎಂಜಿನಿಯರಿಂಗಿನಲ್ಲಿ ಎಂ.ಟೆಕ್ ಮುಗಿಸಿ, ದೂರದ ಉತ್ತರದ ಊರಿನಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. ಕಾಳು ರಾಶಿ ಮಾಡಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯಿಂದ ಗಟ್ಟಿ ಕಾಗದ ಮಾಡಬಹುದೇ ಎಂಬುದು ಅವಳ ಸಂಶೋಧನೆ.

ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು. ಜನವರಿಯಲ್ಲಿ ತಾನೇ ಊರಿಗೆ ಬಂದು ಅಪ್ಪ ನರಸಿಂಗನ ಹೊಲದಿಂದ ಕಟ್ಟಿಗೆ ಒಯ್ದಿದ್ದಳು. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಆ ತಿರುಳಿನಿಂದ ಮಾಡಿದ ಹಾಳೆ ಎಳೆದರೂ ಹರಿಯಲಿಲ್ಲ. ಮರುವರ್ಷ ಮಳೆಗಾಲ ಕಳೆದ ಮೇಲೆ ಅಪ್ಪ ಅದೇ ಹೊಲದ ಕಟ್ಟಿಗೆ ಕಳಿಸಿದ. ಅದೇ ಅಳತೆ, ಅದೇ ಶಾಖ. ಹಾಳೆ ಮಾತ್ರ ಬೆರಳು ತಾಗಿದರೆ ಹರಿಯಿತು, ಮೈತುಂಬ ಕಪ್ಪು ಚುಕ್ಕೆ. ಮತ್ತೆ ಮತ್ತೆ ಮಾಡಿದಳು. ಫಲಿತಾಂಶ ಬದಲಾಗಲಿಲ್ಲ.

ಈ ಸಲದ್ದನ್ನು ಕೈಬಿಟ್ಟು ಹಿಂದಿನದರ ಮೇಲೇ ಪ್ರಬಂಧ ಬರೆ ಎಂದರು ಮಾರ್ಗದರ್ಶಕರು. ಅವಳು ಹೂಂ ಎಂದು ಹೊರಗೆ ಬಂದಳು. ಊಟಕ್ಕೆ ಹೋದವಳು ತಟ್ಟೆ ಮುಟ್ಟದೆ ಎದ್ದಳು. ಓದಲು ಕೂತರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಆ ವಾರವೇ ಬೀದರಿನ ರೈಲು ಹತ್ತಿದಳು.

ಮೊದಲು ಹೋದದ್ದು ಬೀದರಿನ ಚಿದ್ರಿಯಲ್ಲಿದ್ದ ಗೆಳತಿ ಫರ್ಹೀನಳ ಮನೆಗೆ. ಫರ್ಹೀನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು.

"ಕುಂದ್ರ ಒಂದೀಟ, ಚಾ ಆರ್ಲಿಕತ್ತದ. ನಿಮ್ಮ ಸರ್ ಬಿಡು ಅಂದಾರ, ಬಿಟ್ಟಬಿಡು."

"ನಾ ಬಿಟ್ರ, ನಾಳಿ ಯಾವುದಾರ ಮಿಲ್‌ನವ್ರು ಇದನ್ನ ನಂಬಿ ಮಾಡಿದ್ರ ಅವ್ರ ಹಾಳಿ ಹರೀತದ. ಯಾಕ ಹಿಂಗಾತು ಅಂತ ನಂಗ ತಿಳೀಬೇಕು," ಎನ್ನುತ್ತ ವಿಶಾಖಾ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

ಕಮಠಾಣಕ್ಕೆ ಹೋದಳು, ಅಲ್ಲಿಂದ ಔರಾದ ಕಡೆಗೆ. ಹೊಲದಿಂದ ಹೊಲಕ್ಕೆ ಸುತ್ತಿ ಕಟ್ಟಿಗೆ ಆರಿಸಿದಳು. ಔರಾದ ಹತ್ತಿರ ಒಂದು ಹಳೆಯ ಬಣವೆಯ ನಡುವಿನಿಂದ ಒಂದು ಕಟ್ಟಿಗೆ ಎಳೆದು ಬಗ್ಗಿಸಿದಾಗ ಅದು ನಾರು ಬಿಟ್ಟುಕೊಂಡು ಬಾಗಿತು. ನೆಲಕ್ಕೆ ಹತ್ತಿದ್ದ ಇನ್ನೊಂದು ರಸ್ಕಿನ ಹಾಗೆ ಮುರಿಯಿತು. ಒಳಗೆ ಬೂದು ಬಣ್ಣದ ಬೂಷ್ಟು. ಮೇಲೆ ನೋಡಿದರೆ ಎರಡೂ ಒಂದೇ.

ಸಂಜೆ ಮೆಹಕರಕ್ಕೆ ಬಂದವಳೇ ಕೇಳಿದಳು: "ಅಪ್ಪಾ, ಈ ವರ್ಷ ಕಳಿಸಿದ ಕಟಗಿ ಮಳ್ಯಾಗ ಇತ್ತೇನು?"

"ಹೊರಗೇ ಇತ್ತವ್ವಾ. ಒಣಗಿಸಿ ಕಳಿಸೀನಿ." ನರಸಿಂಗ ಮಗಳ ಮುಖ ನೋಡಿದ. "ಯಾಕ, ನನ್ನಿಂದ ನಿನ್ನ ಓದು ಕೆಡ್ತೇನು?"

"ಇಲ್ಲಪ್ಪಾ. ಉತ್ತರ ಸಿಕ್ತು."

ಮಳೆ ಕಾಣದ್ದು, ಸ್ವಲ್ಪ ನೆನೆದದ್ದು, ಮಳೆಗಾಲವಿಡೀ ನೆನೆದದ್ದು ಎಂದು ಬೇರೆ ಬೇರೆ ಕಟ್ಟಿ ಒಯ್ದಳು. ಇನ್ನೊಂದು ವರ್ಷ ಹಾಳಾಯಿತೆಂದು ಮಾರ್ಗದರ್ಶಕರು ಸಿಟ್ಟಾದರು. ಅವಳು ವಾದಿಸದೆ ಮೂರನ್ನೂ ಬೇಯಿಸಿ ಹಾಳೆ ಮಾಡಿ ಮೇಜಿನ ಮೇಲಿಟ್ಟಳು. ಅವರು ಒಂದೊಂದನ್ನೂ ತಾವೇ ಹರಿದು ನೋಡಿದರು. ಆಮೇಲೆ, ಕಟ್ಟಿಗೆಯನ್ನು ಹೇಗೆ ಕಾಯ್ದಿಡಬೇಕೆಂಬುದನ್ನೇ ಪ್ರಬಂಧದ ಮುಖ್ಯ ಭಾಗ ಮಾಡು ಎಂದರು.

ಜೊತೆಯವರಿಗಿಂತ ಒಂದು ವರ್ಷ ತಡವಾಗಿ ಪದವಿ ಬಂತು. ಮೌಖಿಕ ಪರೀಕ್ಷೆ ಮುಗಿದು ಉಳಿದವರು ಊಟಕ್ಕೆ ಹೊರಟಾಗ ಅವಳು ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತ ಅಪ್ಪನಿಗೆ ಫೋನು ಮಾಡಿದಳು.

"ಪಾಸಾತಪ್ಪಾ."

"ಚಲೋ ಆತವ್ವಾ. ಇನ್ನರ ಸ್ವಲ್ಪ ದಿನ ಬಂದು ಆರಾಮ ಇರ್ತಿ?"

"ಬರ್ತೇನಿ. ಅಷ್ಟರಾಗ ಹತ್ತಿ ಕಟಗಿ ಯಾರ ಹೊಲದಾಗ ಅದ, ಕೇಳಿಡು."