ಸ್ಟೀರಿಯೊ ಹಾಡಿದರೆ ಕಾರು ನನ್ನದು

ಕಳೆದ ಭಾನುವಾರ ನಮ್ಮ ಅಂಬಾಸಿಡರ್ ಕಾರು ಹಾಲಿನ ಗಾಡಿಯಾಗುವುದರಿಂದ ಕೂದಲೆಳೆಯ ಅಂತರದಲ್ಲಿ ಪಾರಾಯಿತು.

ಪಾರು ಮಾಡಿದವಳು ನಾನೇ. (ಹೌದು, ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆ. ಬೇರೆಯವರು ತಟ್ಟುವ ಲಕ್ಷಣ ಕಾಣುತ್ತಿಲ್ಲ.)

ನಾನು ಬಂಗಾರಪೇಟೆಯಿಂದ ಉರಿಗಾಂ ಶಾಲೆಗೆ ಕಾರು ಓಡಿಸಿಕೊಂಡು ಹೋಗುವ ಟೀಚರ್ ಎಂಬುದು ನಿಮಗೆ ಹೊಸದಲ್ಲ. ಮೊದಮೊದಲು ರೈಲ್ವೆ ಗೇಟಿನಲ್ಲಿ ಜನ ತಿನ್ನುತ್ತಿದ್ದ ಕಡಲೆಕಾಯಿ ಬಿಟ್ಟು ನನ್ನನ್ನು ನೋಡುತ್ತಿದ್ದರು. ಈಗ ಅವರಿಗೆ ಅಭ್ಯಾಸವಾಗಿದೆ. ಆಗದಿರುವುದು ನಮ್ಮ ಭಾವನಿಗೆ, ಅಂದರೆ ಯಜಮಾನರ ಅಣ್ಣನಿಗೆ. ಪಕ್ಕದ ಹಳ್ಳಿಯಲ್ಲಿ ಎಂಟು ಹಸು ಕಟ್ಟಿದ್ದಾರೆ. ನಮ್ಮ ಕಾರಿನ ಡಿಕ್ಕಿ ನೋಡಿದಾಗಲೆಲ್ಲ ಅವರಿಗೆ ಹಾಲಿನ ಕ್ಯಾನುಗಳೇ ಕಾಣುತ್ತವೆ.

ಈಚೆಗೆ ಕಾರಿನ ಹಳೆಯ ಸ್ಟೀರಿಯೊ ಕ್ಯಾಸೆಟ್ ನುಂಗತೊಡಗಿತು. ಒಂದಲ್ಲ, ಮೂರು. ಭಾವನಿಗೆ ಅಷ್ಟೇ ಸಾಕಾಯಿತು. ಕೆಟ್ಟರೆ ಸರಿಮಾಡಲು ಬಾರದವರ ಕೈಯಲ್ಲಿ ಗಾಡಿ ಯಾಕೆ ಎಂದರು. ನನಗೆ ಉರಿದುಹೋಯಿತು. ಹೊಸ ಸ್ಟೀರಿಯೊ ತಂದು ನಾನೇ ಕೂರಿಸುತ್ತೇನೆ, ಭಾನುವಾರ ಊಟಕ್ಕೆ ಬನ್ನಿ, ಹಾಡು ಬಾರದಿದ್ದರೆ ಕಾರಿನ ಕೀ ನಿಮ್ಮದು ಎಂದುಬಿಟ್ಟೆ. ಯಜಮಾನರು (ಈ ಮನುಷ್ಯ ಯಾವತ್ತೂ ಎರಡೂ ಪಕ್ಷ) ಪೇಪರಿನ ಹಿಂದೆ ಮಾಯವಾದರು.

ಜಂಬ ಕೊಚ್ಚುವುದು ಸುಲಭ. ಸ್ಟೀರಿಯೊದ ಬೆನ್ನ ಹಿಂದೆ ಎಷ್ಟು ವೈರುಗಳಿರುತ್ತವೆ, ನೋಡಿದ್ದೀರಾ?

ಪಕ್ಕದ ಮನೆಯ ಮುನಿಸ್ವಾಮಣ್ಣ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ತಾವು ಕೈಹಾಕಿದರೆ ನನ್ನ ಪಂದ್ಯ ಕೆಡುತ್ತದೆಂದು ಕಾಂಪೌಂಡಿನ ಆಚೆಯೇ ನಿಂತರು. ಹೇಳಿಕೊಟ್ಟಿದ್ದು ಒಂದೇ ಪಾಠ.

"ಮೊದ್ಲು ಫ್ಯೂಜು ಕೀಳಮ್ಮ. ಕಿತ್ತು ನಿನ್ ಅತ್ರಾನೇ ಮಡಿಕ್ಕ. ಕೆಲಸ ಮಾಡೋರ್ ಅತ್ರ ಫ್ಯೂಜಿದ್ರೆ ಇನ್ನೊಬ್ಬ ಬಂದು ಕರೆಂಟ್ ಕೊಡಾಕಾಗಲ್ಲ."

ಗಣಿಯಲ್ಲಿ ಅವರು ಯಾವಾಗಲೂ ಫ್ಯೂಸನ್ನು ಅಂಗಿಯ ಜೇಬಿಗೆ ಹಾಕಿಕೊಂಡೇ ವೈರು ಮುಟ್ಟುತ್ತಿದ್ದರಂತೆ. ಸೀರೆಗೆ ಜೇಬೆಲ್ಲಿ? ಸ್ಟೀರಿಯೊ ವೈರಿನ ಪುಟ್ಟ ಗಾಜಿನ ಫ್ಯೂಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮೂರು ಗಂಟೆ. ಹಳೆಯದರ ಒಂದೊಂದು ವೈರಿಗೂ ಒಂದೊಂದು ಬಣ್ಣದ ಹೊಲಿಗೆ ದಾರ ಕಟ್ಟಿ, ಹೊಸದರಲ್ಲಿ ಅದರ ಜೋಡಿ ಹುಡುಕಿದೆ. ಕೊನೆಯ ಸ್ಕ್ರೂ ಬಿಗಿಯುವ ಹೊತ್ತಿಗೆ ಭಾವ ಬಂದರು. ಸೀರೆಯೆಲ್ಲ ಗ್ರೀಸು. ಹಿರಿಯರ ಮುಂದೆ ಹೀಗೆ ನಿಲ್ಲುವುದುಂಟೇ? ಒಳಗೆ ಓಡಿ ಸೀರೆ ಬದಲಿಸಿ ಬಂದೆ.

ಕ್ಯಾಸೆಟ್ ಹಾಕಿ ಕೀ ತಿರುಗಿಸಿದೆ. ಸದ್ದಿಲ್ಲ. ಮತ್ತೆ ತಿರುಗಿಸಿದೆ. ದೀಪವೂ ಹತ್ತಲಿಲ್ಲ. ಭಾವ ಹಿಂದೆ ಹೋಗಿ ಡಿಕ್ಕಿ ತೆಗೆದು ಗೇಣು ಹಾಕಿ ಅಳೆಯತೊಡಗಿದರು.

ನನಗೆ ಅಳುವೇ ಬಂತು. ಮೂರು ಗಂಟೆಯ ಕೆಲಸ ಹಾಳಾದದ್ದಕ್ಕಲ್ಲ. ನಾಳೆಯಿಂದ ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕೇಳಿಕೊಂಡು ಹೋಗಬೇಕಲ್ಲ, ಅದಕ್ಕೆ. ಕಣ್ಣೊರೆಸಲು ಸೆರಗೆತ್ತಿದೆ. ತುದಿಯಲ್ಲಿ ಗಂಟಿಲ್ಲ.

ಬಚ್ಚಲಿಗೆ ಓಡಿದೆ. ಗ್ರೀಸಿನ ಸೀರೆ ಸೋಪಿನ ನೀರಿನಲ್ಲಿ ನೆನೆಯುತ್ತಿತ್ತು, ಫ್ಯೂಸಿನ ಸಮೇತ. ಹಲ್ಲಿನಿಂದ ಗಂಟು ಬಿಚ್ಚಿ, ಫ್ಯೂಸನ್ನು ಒರೆಸಿ, ಊದಿ ಒಣಗಿಸಿ ತಂದು ಸಿಕ್ಕಿಸಿದೆ. (ತಾವೂ ಒಮ್ಮೆ ಗಣಿಯ ಫ್ಯೂಸನ್ನು ಜೇಬಿನಲ್ಲೇ ಮನೆಗೆ ತಂದು ಬೈಸಿಕೊಂಡದ್ದನ್ನು ಮುನಿಸ್ವಾಮಣ್ಣ ಆಮೇಲೆ ಒಪ್ಪಿಕೊಂಡರು.)

ಕೀ ತಿರುಗಿಸಿದೆ. ನಾದಸ್ವರ, ಬೀದಿಯ ಕೊನೆಯವರೆಗೂ ಕೇಳುವ ಹಾಗೆ. ವಾಲ್ಯೂಮ್ ಪೂರ್ತಿ ತಿರುಗಿದ್ದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಇಳಿಸಲಿಲ್ಲ. ಆಚೀಚೆ ಮನೆಯವರು ಯಾರದು ಮದುವೆ ಎಂದು ಹೊರಗೆ ಬಂದರು. ನನಗೆ ಆದ ಖುಷಿ ನನ್ನ ಮದುವೆಯ ನಾದಸ್ವರಕ್ಕೂ ಆಗಿರಲಿಲ್ಲ ಎಂದರೆ ಯಜಮಾನರು ಬೇಸರಿಸಬಾರದು.

ಭಾವ ಡಿಕ್ಕಿ ಮುಚ್ಚಿ ಮುಂದೆ ಬಂದರು.

"ಗೆದ್ಬುಟ್ಟೆ ಬಿಡಮ್ಮ. ಕಾರು ನಿಂದೇ."

ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಉರಿಗಾಂವರೆಗೆ ಒಂದು ರೌಂಡ್ ಹೊಡೆದೆ. ಹಿಂದಿನ ಸೀಟಿನಲ್ಲಿ ಭಾವ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಒಳ್ಳೆಯವರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಆದರೆ ಅವರ ಸ್ಕೂಟರ್ ಕೆಟ್ಟರೆ ಪ್ಲಗ್ ಬಿಚ್ಚುವುದು ಇವತ್ತಿಗೂ ಬಜಾರಿನ ಮೆಕ್ಯಾನಿಕ್.

ಅವರ ಸ್ಕೂಟರಿನ ಕೀ ಕೊಡಿ ಎಂದು ಇದುವರೆಗೆ ಯಾರಾದರೂ ಕೇಳಿದ್ದಾರೆಯೇ?