ಪಾಠಕ್ಕೆ ಮೊದಲು ಒಂದು ಕಾಫಿ

ನುಸಿಗುಳಿಗೆಯ ವಾಸನೆ ಯಾರಿಗಾದರೂ ಇಷ್ಟವಾಗುತ್ತದೆಯೇ, ನೀವೇ ಹೇಳಿ. ನನಗಂತೂ ಆಗುತ್ತದೆ. ಮೊನ್ನೆ ಬೀರುವಿನ ಮೇಲಿದ್ದ ಹಳೆಯ ಟ್ರಂಕನ್ನು ಕೆಳಗಿಳಿಸಿ ಮುಚ್ಚಳ ತೆಗೆದಾಗ ಆ ವಾಸನೆ ಮುಖಕ್ಕೇ ಹೊಡೆಯಿತು. ಮೊದಲು ಎರಡು ಸೀನು ಬಂತು, ಅದರ ಹಿಂದೆಯೇ ನನಗೆ ಪಿಯಾನೋ ಕಲಿಸಿದ ಸಿಸಿಲಿಯಾ ಟೀಚರ ನೆನಪು ಬಂತು.

ಟ್ರಂಕು ಇಳಿಸಿದ್ದಕ್ಕೆ ಕಾರಣ ಶಬಾನಾ. ಅವಳೂ ನಾನೂ ಕೊಪ್ಪದಲ್ಲಿ ಒಟ್ಟಿಗೆ ಪಿಯಾನೋ ಕಲಿತವರು. ಅವಳೀಗ ನರಸಿಂಹರಾಜಪುರದಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ. ಅವಳ ಮಗಳು ನಫೀಸಾ ನನ್ನ ಹತ್ತಿರ ಪಾಠಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಆವತ್ತು ಬೆಳಿಗ್ಗೆ ಫೋನಿನಲ್ಲಿ ಅವಳ ಮೆಸೇಜು: 'ಸ್ಕೂಲ್ ಡೇಗೆ ನಫೀಸಾಗೆ ನುಡ್ಸೋಕೆ ಒಂದು ಪೀಸ್ ಬೇಕು ಕಣೇ. ನಮ್ಮ ಹಳೇ ಸರ್ಕಸ್ ಪೀಸೇ ಕೊಡು, ಜನ ಬಾಯಿ ಬಿಟ್ಕೊಂಡು ನೋಡ್ಬೇಕು.'

ನಾನು ಪಿಯಾನೋ ಕಲಿಸುವವಳು. ಮಂಗಳವಾರ ಶೃಂಗೇರಿ, ಗುರುವಾರ ನರಸಿಂಹರಾಜಪುರ, ಉಳಿದ ದಿನ ಕೊಪ್ಪದ ನಮ್ಮ ಮನೆಯಲ್ಲೇ ಪಾಠ. ಬಸ್ಸಿನಲ್ಲಿ ಪಕ್ಕದವರು ಎಂತ ಕೆಲಸ ಎಂದು ಕೇಳಿದರೆ ಸುಮ್ಮನೆ 'ಟೀಚರ್' ಅಂದುಬಿಡುತ್ತೇನೆ. ಪಿಯಾನೋ ಅಂದರೆ ಹರಿಹರಪುರ ದಾಟುವವರೆಗೂ ವಿವರಣೆ ಕೊಡಬೇಕಾಗುತ್ತದೆ. ಕಲಿಸುವುದು ಅಂಥ ಮಹಾ ಕಷ್ಟವೇನಲ್ಲ. ಯಾರಿಗೆ ಯಾವ ಪೀಸು ಕೊಡಬೇಕು ಅನ್ನುವುದಿದೆಯಲ್ಲ, ಅಲ್ಲಿ ಟೀಚರುಗಳ ತಲೆ ಕೆಡುತ್ತದೆ. ನಮ್ಮದೊಂದು ವಾಟ್ಸಾಪ್ ಗುಂಪೂ ಇದೆ. 'ಮೂರನೇ ಗ್ರೇಡು, ಸಣ್ಣ ಕೈ, ಸ್ವಲ್ಪ ಸೋಮಾರಿ ಹುಡುಗಿ, ಯಾವುದು ಕೊಡಲಿ?' ಎಂದು ಯಾರಾದರೂ ಕೇಳಿದರೆ ಸಾಕು, ಊಟ ಮುಗಿಸುವುದರೊಳಗೆ ಮಿನುಯೆಟ್ಟು, ವಾಲ್ಟ್ಸು, ಸೊನಾಟಿನಾಗಳ ಮಳೆ ಸುರಿದಿರುತ್ತದೆ. ನನ್ನದೂ ಒಂದು ಪಟ್ಟಿ ಇದೆ. ಗ್ರೇಡಿನ ಪ್ರಕಾರ ಬಣ್ಣ ಹಾಕಿ ಲ್ಯಾಮಿನೇಟ್ ಮಾಡಿಸಿಕೊಂಡಿದ್ದೇನೆ. ಅದರ ಬಗ್ಗೆ ನನಗೆ ಮೊನ್ನೆಯವರೆಗೂ ಸಾಕಷ್ಟು ಜಂಬವಿತ್ತು.

ಸಿಸಿಲಿಯಾ ಟೀಚರ ಹತ್ತಿರ ಪಟ್ಟಿಗಿಟ್ಟಿ ಇರಲಿಲ್ಲ. ಅವರ ಗಂಡ ಬಾಳೆಹೊನ್ನೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಎಸ್ಟೇಟು ಕೈ ಬದಲಾದಾಗ ಬಂಗಲೆಯ ಪಿಯಾನೋ ಯಾರಿಗೂ ಬೇಡವಾಗಿ ಇವರ ಮನೆಗೆ ಬಂತಂತೆ. ನಮ್ಮ ಥಂಡಿಗೆ ಅದರ ಕೀಗಳು ಉಬ್ಬಿ ಕಚ್ಚಿಕೊಳ್ಳುತ್ತಿದ್ದವು. ಅದಕ್ಕೆ ಟೀಚರ್ ಪಿಯಾನೋದ ಹೊಟ್ಟೆಯೊಳಗೆ ಸದಾ ಒಂದು ಬಲ್ಬು ಉರಿಸಿಟ್ಟು, ಹುಳ ಹಿಡಿಯಬಾರದೆಂದು ನುಸಿಗುಳಿಗೆಯ ಗಂಟು ಕಟ್ಟಿರುತ್ತಿದ್ದರು. ಕರೆಂಟು ಎರಡು ದಿನ ಹೋಯಿತೆಂದರೆ 'ಪಿಯಾನೋಕ್ಕೆ ಹುಷಾರಿಲ್ಲ, ಇವತ್ತು ಬಾಯಲ್ಲೇ ಪಾಠ' ಎಂದು ನಮ್ಮನ್ನು ಹಾಡಿಸುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ಪೀಸು ಕೊಡುವ ಮುಂಚೆ ಆ ಮಕ್ಕಳ ಮನೆಗೆ ಹೋಗಿ ಒಂದು ಕಾಫಿ ಕುಡಿದು ಬರುವುದು. ಕೈ ನೋಡುತ್ತಿರಲಿಲ್ಲ, ಬೆರಳು ಅಳೆಯುತ್ತಿರಲಿಲ್ಲ. ಕಾಫಿ ಕುಡಿಯುವುದು, ಮನೆಯಲ್ಲಿ ಯಾರು ಯಾರು ಇದ್ದಾರೆಂದು ನೋಡುವುದು, ಎದ್ದು ಬರುವುದು. ಅಮ್ಮನ ಕಡುಬಿನ ಆಸೆಗೇ ಬಂದದ್ದೆಂದು ನಾನು ಬಹಳ ವರ್ಷ ನಂಬಿದ್ದೆ, ನನ್ನ ಬುದ್ಧಿಗೆ ಬೆಂಕಿ ಹಾಕ!

ನಮ್ಮ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಮೆಷಿನ್ ನಡೆಸುತ್ತಿದ್ದ. ಟೀಚರ್ ಕಾಫಿ ಲೋಟವನ್ನು ತುಟಿಗೆ ಹಿಡಿದುಕೊಂಡೇ, 'ಮಿಲ್ಲಿಗೆ ಸೇರಿ ಎಷ್ಟು ವರ್ಷ ಆಯ್ತು?' ಎಂದು ಕೇಳಿದರು. ಅಪ್ಪ ನಗುತ್ತಾ, 'ಹೌದು ಹೌದು' ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒಳಗೆ ಕುಕ್ಕರು ಕೂಗಿತು. ಬಾಗಿಲಿಗೆ ಒರಗಿ ನಿಂತಿದ್ದ ಅಪ್ಪ ಅಲುಗಲಿಲ್ಲ. 'ಒಲೆ ಆರ್ಸಿ ಅಂದ್ರೆ ಈ ಮನುಷ್ಯರಿಗೆ ಗಮನವೇ ಇರೋದಿಲ್ಲ' ಎಂದು ಅಮ್ಮ ಬೈದುಕೊಂಡೇ ಒಳಗೆ ಓಡಿದಳು. ಟೀಚರ್ ಲೋಟ ಕೆಳಗಿಟ್ಟು, ಅಪ್ಪನ ಮುಖಕ್ಕೆ ಮುಖ ಕೊಟ್ಟು, ದಪ್ಪ ದನಿಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಅಪ್ಪ 'ಹದಿನಾಲ್ಕು' ಅಂದ.

ಮರುವಾರದಿಂದ ನನ್ನ ಗ್ರಹಚಾರ ಶುರುವಾಯಿತು. ಶಬಾನಾಗೆ ಸಿಕ್ಕಿದ್ದೆಲ್ಲ ಬಲತುದಿಯ ಕೀಗಳ ಮೇಲೆ ಟಿಣಿ ಟಿಣಿ ಎಂದು ಓಡುವ ಪೀಸುಗಳು. ಅವಳ ಮನೆಯಲ್ಲಿ ತೊಟ್ಟಿಲ ತಮ್ಮನಿದ್ದ. ಅವನಿಗೆ ಅದನ್ನು ಕೇಳಿದರೆ ಕೇಕೆಯೋ ಕೇಕೆ. ನನಗೆ ಸಿಕ್ಕಿದ್ದೆಲ್ಲ ಎಡಗೈ ರಾಗ ಹಾಡುವ, ನಿಧಾನದ, ಗುಂಯ್ ಎನ್ನುವ ಪೀಸುಗಳು. ವರ್ಷದ ಮೇಲೆ ವರ್ಷ ಅದೇ. ನಡುವಿನಿಂದ ಬಲಕ್ಕೆ ಅಪರೂಪಕ್ಕೆ ಕೈ ಹೋದರೆ ಅದು ಪ್ರವಾಸ ಹೋದ ಹಾಗೆ. ಹದಿಮೂರು ತುಂಬುವಾಗ ನನಗೆ ಖಾತ್ರಿಯಾಯಿತು, ಟೀಚರಿಗೆ ನನ್ನ ಮೇಲೆ ಭರವಸೆ ಇಲ್ಲ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಟೀಚರ್ ಎರಡು ಪುಟದ ಒಂದು ಹಾಳೆ ಕೊಟ್ಟರು. ನೋಡಿದರೆ ಮತ್ತೆ ಎಡಗೈ.

'ನನಗೆ ಯಾವಾಗ್ಲೂ ಇದೇ ಯಾಕೆ ಟೀಚರ್? ಬೇರೆದು ಬರೋಲ್ಲ ಅಂತಲಾ?'

'ಬರ್ತದೆ ಮಾರಾಯ್ತಿ. ಈ ಸಲ ಇದನ್ನ ನುಡ್ಸು, ನನಗೋಸ್ಕರ.'

ನುಡಿಸಲಿಲ್ಲ. ಟೀಚರ್ ಶನಿವಾರ ಬಾಳೆಹೊನ್ನೂರಿಗೆ ಹೋದಾಗ ಬಲ್ಬು ನೋಡಿಕೊಳ್ಳಲು ಮನೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋಗುತ್ತಿದ್ದರು. ಆ ಶನಿವಾರಗಳಲ್ಲಿ ಶಬಾನಾ ತನ್ನ ಹಿಂದಿನ ವರ್ಷದ ಸರ್ಕಸ್ ಪೀಸನ್ನು ನನಗೆ ಹೇಳಿಕೊಟ್ಟಳು. ವಾರ್ಷಿಕೋತ್ಸವದ ದಿನ ಪಿಯಾನೋವನ್ನು ಶಾಲೆಯ ಹಾಲ್‌ಗೆ ಸಾಗಿಸಿ ಇಟ್ಟಿದ್ದರು. ಅಪ್ಪ ಮಿಲ್ಲಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಟೀಚರ ಹಾಳೆ ಸ್ಟ್ಯಾಂಡಿಗಿಟ್ಟು, ಅದನ್ನು ನೋಡದೆ, ಸರ್ಕಸ್ ಹೊಡೆದೆ. ಎರಡೂ ಕೈ ಬಲತುದಿಯಲ್ಲೇ. ಒಂದು ತಪ್ಪಿಲ್ಲ. ಚಪ್ಪಾಳೆಯೋ ಚಪ್ಪಾಳೆ! ಹೆಡ್‌ಮಿಸ್ ಬೆನ್ನು ತಟ್ಟಿದರು.

ಮನೆಗೆ ನಡೆದು ಬರುವಾಗ, 'ಹ್ಯಾಗಿತ್ತಪ್ಪ?' ಎಂದು ಕೇಳಿದೆ. 'ಕೈ ಎಂಥಾ ಚುರುಕು ಓಡ್ತು ಮಗಾ! ಕಣ್ಣು ಹಾಯಿಸೋದರೊಳಗೆ ಅಲ್ಲಿಂದ ಇಲ್ಲಿಗೆ' ಅಂದ ಅಪ್ಪ. ನನಗೆ ಖುಷಿಯೋ ಖುಷಿ. ಅವನು ಬರೀ ಕೈಯ ಬಗ್ಗೆ ಮಾತಾಡಿದ ಎಂದು ತಲೆಗೆ ಹೋಗಲಿಲ್ಲ. ಟೀಚರ್ ಬೈಯಲೂ ಇಲ್ಲ. ಆ ಹಾಳೆಯನ್ನು ಮಡಚಿ ನನ್ನ ಚೀಲದಲ್ಲಿಟ್ಟು, 'ಇದು ನಿನ್ನದೇ. ಯಾವಾಗ ಬೇಕಾದ್ರೂ ನುಡ್ಸು' ಅಂದರು. ನಾನು ಮನೆಗೆ ಬಂದು ಅದನ್ನು ಟ್ರಂಕಿನ ತಳಕ್ಕೆ ತುರುಕಿದೆ.

ಟೀಚರ್ ವಯಸ್ಸಾಗಿ ಮಂಗಳೂರಿನ ತಂಗಿಯ ಮಗಳ ಮನೆಗೆ ಹೋಗುವಾಗ ಪಿಯಾನೋವನ್ನು ನನಗೇ ಬಿಟ್ಟು ಹೋದರು. ಅಲ್ಲೇ ತೀರಿಕೊಂಡರು. ನಾನವರನ್ನು ಏನೂ ಕೇಳಲಿಲ್ಲ, ಕೇಳುವುದಿದೆ ಎಂದೇ ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡು ವರ್ಷದ ಹಿಂದೆ, ಶಿವಮೊಗ್ಗದಲ್ಲಿ ಅಪ್ಪನ ಕಿವಿ ಪರೀಕ್ಷೆ ಮಾಡಿಸಿದಾಗ. ಪರೀಕ್ಷೆ ಮಾಡಿದ ಹುಡುಗಿ ಒಂದು ಗ್ರಾಫು ಕೊಟ್ಟಳು. ಎಡಕ್ಕೆ ದಪ್ಪ ಸ್ವರ, ಬಲಕ್ಕೆ ಹೋದ ಹಾಗೆ ಸಣ್ಣ ಸ್ವರ. ಥೇಟ್ ಪಿಯಾನೋದ ಹಾಗೇ. ಗೆರೆ ಎಡದಿಂದ ಚೆನ್ನಾಗಿಯೇ ಬಂದು, ನಡುವನ್ನು ದಾಟಿ ಸ್ವಲ್ಪ ದೂರಕ್ಕೆ ಧೊಪ್ಪನೆ ಕೆಳಗೆ ಬಿದ್ದಿತ್ತು. 'ಇಲ್ಲಿಂದ ಆಚೆ ಇವರಿಗೆ ಕೇಳ್ಸಲ್ಲ. ಇದು ಈಗಿಂದಲ್ಲ ಮೇಡಂ, ತುಂಬಾ ಹಳೇದು. ಮೆಷಿನ್ ಹತ್ರ ಕೆಲ್ಸ ಮಾಡ್ತಿದ್ರಾ?' ಅಂದಳು. ಗೆರೆ ಬಿದ್ದ ಜಾಗ ನನಗೆ ಗೊತ್ತಿತ್ತು. ಅದರ ಬಲಕ್ಕೆ ಟೀಚರ್ ನನಗೆ ಒಂದೇ ಒಂದು ಪೀಸನ್ನೂ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಕಡೆ ತಿರುಗಿಕೊಂಡು ಅತ್ತೆ. ಅಪ್ಪ, 'ವಾಂತಿ ಬರ್ತದಾ ಮಗಾ?' ಎಂದು ನಿಂಬೆಹಣ್ಣು ಕೊಟ್ಟ.

ಆಮೇಲಾದರೂ ಆ ಪೀಸನ್ನು ಅವನಿಗೆ ನುಡಿಸಿ ಕೇಳಿಸಬಹುದಿತ್ತು. ಹಾಳೆ ಎಲ್ಲಿದೆಯೋ ಎಂದು ನೆಪ ಹೇಳಿಕೊಂಡು ಎರಡು ವರ್ಷ ತಳ್ಳಿದೆ. ನಾಚಿಕೆ, ಮತ್ತಿನ್ನೇನು.

ಈಗ ಶಬಾನಾಳ ಸರ್ಕಸ್ ಹುಡುಕಲು ಹೋಗಿ ಟೀಚರ ಹಾಳೆಯೇ ಮೊದಲು ಕೈಗೆ ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು. ಅಪ್ಪ ಜಗುಲಿಯಲ್ಲಿ ಪೇಪರು ಓದುತ್ತಿದ್ದ. ಕಿವಿಯ ಮೆಷಿನ್ನು ಎಂದಿನಂತೆ ಡಬ್ಬಿಯಲ್ಲಿತ್ತು. ನಾನು ಪಿಯಾನೋದ ಮುಂದೆ ಕೂತು, ಹಾಳೆಗೆ ಕನ್ನಡಕದ ಡಬ್ಬಿ ಒತ್ತಿಟ್ಟು ಶುರು ಮಾಡಿದೆ. ಒಂದು ಪುಟ ಮುಗಿಯುವಾಗ ಪೇಪರು ಮಡಚುವ ಸದ್ದಾಯಿತು. ಎರಡನೆಯ ಪುಟಕ್ಕೆ ಅಪ್ಪ ಬಂದು ಪಿಯಾನೋಕ್ಕೆ ಒರಗಿ ನಿಂತ. ಮುಗಿಯುವವರೆಗೂ ಅಲುಗಲಿಲ್ಲ.

'ಇದನ್ನ ಟೀಚರ್ ನನಗೆ ಬಾರಿಸಿ ತೋರ್ಸಿದ್ರು' ಅಂದ.

'ಯಾವಾಗ?'

'ನಿಮ್ಮ ಶಾಲೆ ಫಂಕ್ಷನ್ನಿಗೆ ಮುಂಚೆ. ಮಿಲ್ಲಿಂದ ಕರೆಸ್ಕೊಂಡು, ಹೀಗೇ ಒರಗಿ ನಿಲ್ಸಿ ಬಾರ್ಸಿದ್ರು. ನಿಮ್ಮ ಮಗಳು ಇದನ್ನ ಬಾರಿಸ್ತಾಳೆ, ಸರೀ ಕೇಳ್ತದೆ ನಿಮಗೆ, ಅಂದ್ರು. ಕಿವಿ ಸಂಗತಿ ಯಾರಿಗೂ ಹೇಳ್ಬೇಡಿ, ಮಿಲ್ಲಲ್ಲಿ ಗೊತ್ತಾದ್ರೆ ಕೆಲ್ಸ ಹೋಗ್ತದೆ ಅಂತ ನಾನು ಕೈ ಮುಗ್ದೆ.'

'ಮತ್ತೆ ಆವತ್ತು, ಅಪ್ಪ?'

'ಆವತ್ತು ನಿನ್ನ ಕೈ ಓಡ್ತಾನೇ ಇತ್ತು. ಇದು ಈಗ ಬರ್ತದೆ, ಇನ್ನೇನು ಈಗ ಬರ್ತದೆ ಅಂತ ಕಾಯ್ತಾ ಕೂತಿದ್ದೆ. ಎಲ್ಲ ಚಪ್ಪಾಳೆ ಹೊಡೆದ್ರು. ಆಗ ಮುಗೀತು ಅಂತ ಗೊತ್ತಾಯ್ತು.' ಅಪ್ಪ ನಕ್ಕ. 'ಎಂತ ಅಳೋದು ಮಾರಾಯ್ತಿ? ಈಗ ಬಂತಲ್ಲ. ಇನ್ನೊಂದು ಸಲ ಬಾರ್ಸು.'

ಇನ್ನೊಂದು ಸಲ ನುಡಿಸಿದೆ. ತಪ್ಪುಗಳು ಬೇಕಾದಷ್ಟಾದವು. ಹಾಳೆ ಕಾಣಿಸಬೇಕಲ್ಲ.

ಸಂಜೆ ಶಬಾನಾಗೆ ಉತ್ತರ ಬರೆಯಲು ಕೂತೆ. ಸರ್ಕಸ್ ಪೀಸೂ ಟ್ರಂಕಿನಲ್ಲೇ ಸಿಕ್ಕಿತ್ತು; ಲ್ಯಾಮಿನೇಟ್ ಮಾಡಿದ ಪಟ್ಟಿ ಪಕ್ಕದಲ್ಲೇ ಇತ್ತು. ನಾಲ್ಕು ತಿಂಗಳಿಂದ ಗುರುವಾರ ಗುರುವಾರ ನಫೀಸಾಗೆ ಪಾಠ ಹೇಳುತ್ತಿದ್ದೇನೆ, ಅದೂ ಅಂಗಡಿಯ ಮಾಳಿಗೆಯಲ್ಲಿ. ಅವಳ ಮನೆಯ ಹೊಸ್ತಿಲನ್ನು ಇನ್ನೂ ತುಳಿದಿಲ್ಲ. ಅವಳು ನುಡಿಸುವುದನ್ನು ಆ ಮನೆಯಲ್ಲಿ ಕೂತು ಕೇಳುವವರು ಯಾರೆಂದು ನನಗೆ ಗೊತ್ತಿಲ್ಲ.

'ಪೀಸು ಯಾವುದು ಅಂತ ಆಮೇಲೆ ಹೇಳ್ತೇನೆ' ಎಂದು ಬರೆದೆ. 'ಭಾನುವಾರ ನಿಮ್ಮ ಮನೆಗೆ ಕಾಫಿಗೆ ಬರ್ಲಾ?'