ಮುಳುಗುವ ಸವಾರನ ಮಾರಾಟ

ಕಂಪ್ಯೂಟರ್ ಆಟದ ಪೆಟ್ಟಿಗೆಗಳು ಬೆಂಗಳೂರಿನಿಂದ ಬರುವ ಬಸ್ಸಿನ ಮೇಲೆ ಮಳೆಗೆ ನೆನೆಯಬಹುದಿತ್ತು. ನೆನೆಯದೆ ಬಂದು, ಒಂದೂ ಮಾರಾಟವಾಗದೆ ಧೂಳು ಹಿಡಿಯಬಹುದಿತ್ತು. ಆಟ ಹಾಕಿದ ಕೂಡಲೇ ಗಿರಾಕಿಯ ಕಂಪ್ಯೂಟರ್ ಕೆಟ್ಟು, ಅವನು ಊರವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದು ನನ್ನ ಅಂಗಡಿ ಮುಂದೆ ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು, ಅದು ಹೇಗೂ ಹೋಗುತ್ತಿತ್ತು. ಅಂಗಡಿ ಮುಚ್ಚಿ ನಾನು ಮಾವನವರ ಹತ್ತಿರ ಕೆಲಸ ಕೇಳಬೇಕಾಗಬಹುದಿತ್ತು. ಇಷ್ಟನ್ನೂ ಆ ಬೆಳಿಗ್ಗೆ ಹಲ್ಲುಜ್ಜುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ.

ಬಿಡದಿ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ಸಂಬಳ ಕಂಡ ಮನೆಗಳಿಗೆ ಕಂಪ್ಯೂಟರ್ ಬರತೊಡಗಿತ್ತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಆಗ ಒಂದು ವಿಡಿಯೋ ಗೇಮ್ ಬಗ್ಗೆ ವರ್ಷದಿಂದ ಡಂಗುರ ಬಾರಿಸುತ್ತಿದ್ದರು. ಪೋಸ್ಟರ್ ನೋಡಿ ಮರುಳಾದ ನಾನು, ಉಳಿದರೆ ವಾಪಸ್ಸಿಲ್ಲ ಎಂಬ ಸಗಟು ವ್ಯಾಪಾರಿಯ ಮಾತಿಗೂ ಒಪ್ಪಿ, ಬಿಡುಗಡೆಗೆ ಮೊದಲೇ ಮೂವತ್ತು ಪೆಟ್ಟಿಗೆ ಹೇಳಿಬಿಟ್ಟೆ.

"ಮೂರು ಸಾಕಿತ್ತು," ಎಂದಳು ಹೆಂಡತಿ.

ಪೆಟ್ಟಿಗೆ ಬಂದ ದಿನವೇ ಪತ್ರಿಕೆಯಲ್ಲಿ ಸುದ್ದಿ. ಆಟದಲ್ಲಿ ದೋಷವಿದೆ, ಕುದುರೆ ಸವಾರ ಸೇತುವೆ ದಾಟುವಾಗ ಕಲ್ಲಿನೊಳಗೇ ಮುಳುಗಿಹೋಗುತ್ತಾನೆ, ಬೆಂಗಳೂರಿನಲ್ಲಿ ಕೊಂಡವರು ಅಂಗಡಿಗಳ ಮೇಲೆ ಸಿಟ್ಟಾಗಿದ್ದಾರೆ. ಪತ್ರಿಕೆಯನ್ನು ಮಡಿಸಿ ಕುರ್ಚಿಯ ಕೆಳಗಿಟ್ಟು, ಅದರ ಮೇಲೆ ಕುಳಿತೆ. ಮೂವತ್ತೂ ಉಳಿದರೆ ಅಂಗಡಿ ಉಳಿಯುವುದಿಲ್ಲ.

ಮಧ್ಯಾಹ್ನ ಕೈಲಾಂಚ ಕಡೆಯ ರೈತರೊಬ್ಬರು ಗೂಡು ಮಾರಿ, ಜೊತೆಗಾರನೊಬ್ಬನೊಂದಿಗೆ ಒಳಗೆ ಬಂದರು. ಕಾಲೇಜಿಗೆ ಹೋಗುವ ಮಗಳು ಇದೇ ಆಟ ಬೇಕೆಂದಿದ್ದಳಂತೆ. ಪೆಟ್ಟಿಗೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಮಾಡುವುದು ಹಾಗೆಯೇ.

"ಬಿಚ್ಚಿ ತೋರ್ಸಿ ಸಾರ್."

"ಇದನ್ನ ಬಿಚ್ಚಿ ತೋರಿಸೋ ಪದ್ಧತಿ ಇಲ್ಲ, ಯಜಮಾನ್ರೇ."

"ನಮ್ ಗೂಡ್ನ ಯಾವ ರೀಲರ್ ಕುಯ್ದು ನೋಡ್ದೆ ತಗೊಂಡವ್ನೆ? ಇವತ್ತು ನಾನು ಕೊಳ್ಳೋನು. ಕುಯ್ರಿ."

ಜೊತೆಗಾರ ನಕ್ಕ. ನಾನು ಕುಯ್ದೆ. ಸವಾರ ಕಾಡು ದಾಟಿದ, ಊರು ದಾಟಿದ. ಸೇತುವೆ ಬರದಿರಲೆಂದು ಹಾದಿ ತಪ್ಪಿಸಿ ಓಡಿಸಿದೆ. ಎತ್ತ ಹೋದರೂ ಸೇತುವೆಯೇ ಬಂತು. ಸವಾರ ಮೊದಲು ಸೊಂಟದವರೆಗೆ, ಆಮೇಲೆ ಟೋಪಿಯವರೆಗೆ ಇಳಿದು ಮಾಯವಾದ. ಕುದುರೆ ಮಾತ್ರ ಮೇಲೆ ನಿಂತು ಬಾಲ ಆಡಿಸುತ್ತಿತ್ತು.

"ನೋಡ್ಲಾ, ಕುದ್ರೆ ಹೆಂಗ್ ನಿಂತೈತೆ!" ಎಂದ ಜೊತೆಗಾರ. "ನಂಗೂ ಇವನ್ಗೂ ಸಂಬಂಧಾನೇ ಇಲ್ಲ ಅನ್ನಂಗೆ!"

ನಾನು ಬೆವರುತ್ತ, "ಇದು ತಪ್ಪು. ಹೀಗೆ ಆಗಬಾರದು," ಎಂದೆ.

"ಯಾಕಾಗ್ಬಾರ್ದು? ಇನ್ನೊಂದ್ ಸಲ ಮುಳುಗ್ಸಿ," ಎಂದರು ರೈತರು.

ಮೂರು ಸಲ ಮುಳುಗಿಸಿದೆ. ನಗು ಕೇಳಿ ಪಕ್ಕದ ಟೀ ಅಂಗಡಿಯವರು ಬಂದರು, ಅವರ ಹಿಂದೆ ಮಾರುಕಟ್ಟೆಯ ಅರ್ಧ ಜನ. ಪ್ರತಿಯೊಬ್ಬರಿಗೂ ದೋಷದ ವಿಷಯ ಹೇಳಿದೆ. ಕುರ್ಚಿಯ ಕೆಳಗಿನ ಪತ್ರಿಕೆಯನ್ನೂ ತೆಗೆದು ತೋರಿಸಿದೆ. ಅದು ದೋಷವೆಂದು ಯಾರೂ ನಂಬಲಿಲ್ಲ, ಒಳ್ಳೆಯ ಮಾಲು ಬಚ್ಚಿಡಲು ನೋಡುತ್ತಿದ್ದೇನೆಂದು ಒಬ್ಬರು ಗದರಿದರು ಕೂಡ. ಹತ್ತು ದಿನದಲ್ಲಿ ಮೂವತ್ತೂ ಖಾಲಿ. ಮಾಗಡಿಯಿಂದ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸಿದೆ. ಬೆಂಗಳೂರು ಬೈದದ್ದನ್ನೇ ಇವರು ಮೆಚ್ಚಿದ್ದು ಹೇಗೆ? ನಾನು ಮಾರಿದ್ದು ಆಟವನ್ನೋ, ಅದರ ಕೇಡನ್ನೋ? ಖುಷಿಪಡಬೇಕಾದ ಹೊತ್ತಿನಲ್ಲಿ ನಾನು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಅಷ್ಟರಲ್ಲಿ ಸಗಟು ವ್ಯಾಪಾರಿ ಕ್ಷಮೆ ಕೇಳಿ, ದೋಷ ತಿದ್ದಿದ ಮೂವತ್ತು ಡಿಸ್ಕ್ ಕಳಿಸಿದ. ನನ್ನ ಮನಸ್ಸಿಗೆ ಇದೇ ಔಷಧ ಎನಿಸಿತು. ಕೊಂಡವರಿಗೆಲ್ಲ ಫೋನ್ ಮಾಡಿ, ಬೇಡವೆಂದವರನ್ನೂ ಕಾಡಿ, ಹಳೆಯದನ್ನು ಹಿಂದಕ್ಕೆ ಪಡೆದು ಹೊಸದು ಕೊಟ್ಟೆ. ಹಳೆಯವು ಮತ್ತೆ ಯಾರ ಕೈಗೂ ಸಿಗದಿರಲೆಂದು ಒಂದೊಂದನ್ನೂ ಕತ್ತರಿಯಿಂದ ತುಂಡು ಮಾಡಿದೆ. ಅಂದು ಹೆಂಡತಿ ಬಡಿಸಿದ ಮುದ್ದೆಯನ್ನು ಬಹಳ ದಿನಗಳ ನಂತರ ರುಚಿ ಹತ್ತಿ ಉಂಡೆ.

ಮುಂದಿನ ವಾರ ಕೈಲಾಂಚದ ಆ ರೈತರು ಹೊಸ ಡಿಸ್ಕ್ ಹಿಡಿದು ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಸರಿ ಮಾಡ್ಕೊಡ್ತೀನಿ ಅಂತ ಕೆಡ್ಸಿ ಕೊಟ್ಬುಟ್ರಲ್ಲ ಸಾರ್. ಸೇತ್ವೆ ಮ್ಯಾಲೆ ಸೀದಾ ಹೊಂಟೋಯ್ತಾನೆ. ಮಗಳು ಮೂರ್ ದಿನದಿಂದ ಕಾಯ್ತಾವ್ಳೆ, ಒಂದ್ ಸಲಾನೂ ಮುಳುಗ್ಲಿಲ್ಲ. ನನ್ನ ಹಳೇದೇ ಕೊಟ್ಬುಡಿ."

ಮೂವತ್ತರಲ್ಲಿ ಒಂದನ್ನೂ ನಾನು ಉಳಿಸಿರಲಿಲ್ಲ.